ಕಾಲಲ್ಲಿ ತುಳಿದು ಮರ ಕಡೆದ ಕಾಲ

ಶಾಲೆಗಳಲ್ಲಿ ಡೆಡ್‌ಸ್ಟಾಕ್ ರಿಜಿಸ್ಟರು ಎಂಬ ಪುಸ್ತಕವೊಂದಿರುತ್ತದೆ. ಬೆಂಚು, ಮೇಜು, ಗಡಿಯಾರ, ಗ್ಲೋಬು ಮೊದಲಾದ ಸಾಮಾನುಗಳ ಲೆಕ್ಕ ಅದರಲ್ಲಿ. ಹದಿನಾರು ವರ್ಷಗಳ ಹಿಂದೆ, ಆಗ ನಾನು ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ, ಬಳಕೆಗೆ ಬಾರದ ವಸ್ತುಗಳನ್ನು ಹರಾಜು ಹಾಕುವ ಸಮಿತಿಗೆ ನನ್ನನ್ನೂ ಸೇರಿಸಿದ್ದರು. ಹಿಂದೆ ಕಸುಬಿನ ತರಗತಿ ನಡೆಯುತ್ತಿದ್ದ ಕೊಠಡಿಯ ಮೂಲೆಯಲ್ಲಿ ಒಂದು ವಸ್ತು ಧೂಳು ಹಿಡಿದು ನಿಂತಿತ್ತು. ಎರಕದ ಕಬ್ಬಿಣದ ಕಾಲುಗಳು, ಕೆಳಗೊಂದು ದಪ್ಪ ಚಕ್ರ, ಕಾಲಿನಿಂದ ತುಳಿಯುವ ಮುರುಕು ಹಲಗೆ. ನಾನೇ ಕೈಯಾರೆ ‘ಮುರಿದ ಹೊಲಿಗೆ ಯಂತ್ರ – ೧’ ಎಂದು ಬರೆದು ರುಜು ಹಾಕಿದೆ. ಗುಜರಿಯವನು ತೂಕಕ್ಕೆ ಕೊಂಡುಹೋದ.

ಎರಡು ವರ್ಷ ಕಳೆದ ಮೇಲೆ, ಅಲ್ಲಿ ಹಿಂದೆ ಕಸುಬಿನ ಅಧ್ಯಾಪಕರಾಗಿದ್ದ ಹಿರಿಯರೊಬ್ಬರು ಶಾಲೆಯ ಸಮಾರಂಭಕ್ಕೆ ಬಂದರು. ಹಳೆಯ ಕೊಠಡಿಯನ್ನು ನೋಡಿ ಬಂದವರೇ, “ಪಂಡಿತರೇ, ಮೂಲೆಯಲ್ಲಿ ಲೇತು ಇತ್ತಲ್ಲ, ಅದೆಲ್ಲಿ?” ಎಂದು ಕೇಳಿದರು. “ಲೇತು ಯಾವುದೂ ಇರಲಿಲ್ಲವಲ್ಲ, ಮೇಷ್ಟ್ರೇ” ಎಂದೆ. ಅವರು ಗಾಳಿಯಲ್ಲಿ ಅದರ ಆಕಾರವನ್ನು ಬರೆದು ತೋರಿಸಿದಾಗ ನನಗೆ ಮೈ ಬೆವೆತಿತು. ಲಟ್ಟಣಿಗೆ, ಬುಗುರಿ, ಮಂಚದ ಕಾಲು ಇವನ್ನು ಕಡೆಯುವುದನ್ನು ಅವರು ಹುಡುಗರಿಗೆ ಕಲಿಸಿದ್ದು ಆ ಯಂತ್ರದ ಮೇಲೆ. ವರ್ಷವರ್ಷವೂ ನಾಮಪದದ ಪಾಠ ಹೇಳುವ ನಾನು ಒಂದು ವಸ್ತುವಿನ ಹೆಸರನ್ನು ತಪ್ಪಾಗಿ ಬರೆದು ಅದರ ಆಯುಸ್ಸನ್ನು ಮುಗಿಸಿದ್ದೆ.

ಅಂದಿನಿಂದ, ಕಾಲಿನ ಬಲದಿಂದ ನಡೆಯುತ್ತಿದ್ದ ಮರಗೆಲಸದ ಯಂತ್ರಗಳ ಚರಿತ್ರೆಯನ್ನು ಸಿಕ್ಕಿದಷ್ಟು ಓದುತ್ತ ಬಂದಿದ್ದೇನೆ. ಅವುಗಳನ್ನು ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ದುರಸ್ತಿ ಮಾಡುವುದು ಹೇಗೆ ಎಂಬುದನ್ನು ವಾಚಕರೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಪದದಿಂದಲೇ ಆರಂಭಿಸುತ್ತೇನೆ, ಅದು ನನ್ನ ಕಸುಬು. ಕನ್ನಡದ ‘ಕಡೆ’ ಎಂಬ ಧಾತುವಿಗೆ ಮಥಿಸು ಎಂಬ ಅರ್ಥವೂ ಉಂಟು, ಮರವನ್ನು ತಿರುಗಿಸಿ ಉರುಟಾಗಿ ಕೆತ್ತು ಎಂಬ ಅರ್ಥವೂ ಉಂಟು. ಮೊಸರನ್ನು ಕಡೆಯುತ್ತೇವೆ, ಬುಗುರಿಯನ್ನೂ ಕಡೆಯುತ್ತೇವೆ. ತಮಿಳಿನಲ್ಲಿಯೂ ಹಾಗೆಯೇ. ಕಂಬಕ್ಕೆ ಸಿಕ್ಕಿಸಿದ ಕಡೆಗೋಲಿಗೆ ಹಗ್ಗ ಸುತ್ತಿ ನಮ್ಮ ಅಜ್ಜಿಯರು ಎಳೆಯುತ್ತಿದ್ದುದನ್ನು ನೆನಪಿಗೆ ತಂದುಕೊಳ್ಳಿ. ಹಗ್ಗದ ಒಂದು ತುದಿಯನ್ನು ಎಳೆದರೆ ಕೋಲು ಮುಂದಕ್ಕೆ ಸುತ್ತುತ್ತದೆ, ಮತ್ತೊಂದನ್ನು ಎಳೆದರೆ ಹಿಂದಕ್ಕೆ. ಪ್ರಪಂಚದ ಹಳೆಯ ಲೇತುಗಳ ಚಲನೆಯೂ ಇದೇ. ಅವು ಚಕ್ರದಂತೆ ಒಂದೇ ಸಮನೆ ತಿರುಗುತ್ತಿರಲಿಲ್ಲ. ಕಡೆಗೋಲಿನಂತೆ ಹೋಗಿ ಬರುತ್ತಿದ್ದುವು. ಮುಂದಕ್ಕೆ ಸುತ್ತುವಾಗ ಉಳಿ ಮರವನ್ನು ಕೊಯ್ಯುತ್ತದೆ. ಹಿಂದಕ್ಕೆ ಸುತ್ತುವಾಗ ಉಳಿಯನ್ನು ತುಸು ಹಿಂದೆಗೆದು ಸುಮ್ಮನಿರಬೇಕು. ಅರ್ಧ ಕಾಲ ಕೆಲಸ, ಅರ್ಧ ಕಾಲ ವಿರಾಮ.

ಈಜಿಪ್ಟಿನ ಟ್ಯೂನಾ ಎಲ್ ಜೆಬೆಲ್ ಎಂಬಲ್ಲಿ ಪೆಟೋಸಿರಿಸ್ ಎಂಬ ಪುರೋಹಿತನ ಸಮಾಧಿ ಇದೆ. ಕ್ರಿಸ್ತಪೂರ್ವ ೩೦೦ರ ಸುಮಾರಿನ ಆ ಸಮಾಧಿಯ ಗೋಡೆಯ ಉಬ್ಬುಚಿತ್ರವೊಂದರಲ್ಲಿ ಒಬ್ಬನು ಮರಕ್ಕೆ ಸುತ್ತಿದ ಹಗ್ಗವನ್ನು ಎಳೆಯುತ್ತಿದ್ದಾನೆ, ಇನ್ನೊಬ್ಬನು ಉಳಿ ಹಿಡಿದಿದ್ದಾನೆ. ಲೇತಿನ ಚಿತ್ರಗಳಲ್ಲಿ ಇದೇ ಅತಿ ಹಳೆಯದೆಂದು ಸಾಮಾನ್ಯವಾಗಿ ಹೇಳುತ್ತಾರೆ. ಒಂದು ಕೆಲಸಕ್ಕೆ ಅಲ್ಲಿ ಇಬ್ಬರು ಬೇಕಾಗಿದ್ದರು. ನಮ್ಮ ಚನ್ನಪಟ್ಟಣದ ಅರಗಿನ ಬೊಂಬೆಗಳ ಹಳೆಯ ಕೈ ಲೇತಿನಲ್ಲಿ ಕುಶಲಕರ್ಮಿಯು ಒಂದು ಕೈಯಲ್ಲಿ ಕಮಾನನ್ನು ಎಳೆದು ಇನ್ನೊಂದು ಕೈಯಲ್ಲಿ ಉಳಿ ಹಿಡಿದು ಇಬ್ಬರ ಕೆಲಸವನ್ನು ಒಬ್ಬನೇ ಮಾಡಿದ. ಯೂರೋಪಿನವರು ಇದೇ ತೊಡಕನ್ನು ಬೇರೆ ರೀತಿಯಲ್ಲಿ ಬಿಡಿಸಿದರು. ಸಹಾಯಕನ ಕೆಲಸವನ್ನು ಅವರು ಕಾಲಿಗೆ ಒಪ್ಪಿಸಿದರು.

ಅದರ ರಚನೆ ಬಹು ಸರಳ. ಬಾಗುವ ಎಳೆಯ ಮರದ ಗಳುವೊಂದನ್ನು ತಲೆಯ ಮೇಲೆ ಕಟ್ಟುತ್ತಾರೆ. ಅದರ ತುದಿಯಿಂದ ಇಳಿದ ಹಗ್ಗವು ಕಡೆಯಬೇಕಾದ ಮರವನ್ನು ಒಂದೆರಡು ಸುತ್ತು ಸುತ್ತಿ ಕೆಳಗಿನ ತುಳಿಹಲಗೆಗೆ ಸೇರುತ್ತದೆ. ಕಾಲು ಒತ್ತಿದರೆ ಮರ ಕೆಲಸದವನ ಕಡೆಗೆ ತಿರುಗುತ್ತದೆ, ಗಳು ಬಾಗುತ್ತದೆ. ಕಾಲು ಎತ್ತಿದರೆ ಗಳು ಚಿಮ್ಮಿ ಎಲ್ಲವನ್ನೂ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಎರಡು ಕೈಯೂ ಉಳಿಗೆ ಮೀಸಲು. ೧೩ನೆಯ ಶತಮಾನದ ಯೂರೋಪಿನ ಚಿತ್ರಗಳಲ್ಲಿ ಈ ಯಂತ್ರ ಕಾಣುತ್ತದೆ. ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಕಾಪರ್‌ಗೇಟ್ ಎಂಬ ಬೀದಿಯಿದೆ. ಹೆಸರು ಕೇಳಿದರೆ ತಾಮ್ರದ ಬಾಗಿಲು ಎನಿಸುತ್ತದೆ. ನಿಜವಾಗಿ ಅದು ವೈಕಿಂಗರ ಭಾಷೆಯ ಮಾತು; ಮರದ ಬಟ್ಟಲು ಮಾಡುವವರ ಬೀದಿ ಎಂದು ಅರ್ಥ. ೧೯೭೬ರಿಂದ ೧೯೮೧ರವರೆಗೆ ಅಲ್ಲಿ ಉತ್ಖನನ ನಡೆಸಿದಾಗ, ಬಟ್ಟಲು ಕಡೆದ ಮೇಲೆ ನಡುವೆ ಉಳಿಯುವ ಮರದ ತಿರುಳುಗಳು ಸಿಕ್ಕಿದುವು. ಬೀದಿಯ ಹೆಸರು ಹೇಳುತ್ತಿದ್ದುದನ್ನು ನೆಲವೂ ಹೇಳಿತು.

ಇನ್ನು ಮುಂದಿನ ಹೆಜ್ಜೆ. ಹೋಗಿ ಬರುವ ಚಲನೆಯನ್ನು ಒಂದೇ ದಿಕ್ಕಿನ ಸುತ್ತನ್ನಾಗಿ ಮಾಡಬೇಕಾದರೆ ಅಚ್ಚನ್ನು ಒಂದೆಡೆ ಬಾಗಿಸಿ ಅದಕ್ಕೊಂದು ತೋಳು ಸಿಕ್ಕಿಸಬೇಕು. ಆದರೆ ತೋಳು ನೆಟ್ಟಗೆ ಮೇಲಕ್ಕೋ ಕೆಳಕ್ಕೋ ಬಂದ ಗಳಿಗೆಯಲ್ಲಿ ಎಷ್ಟು ತುಳಿದರೂ ಚಕ್ರ ಮುಂದುವರಿಯದು. ಹೊಲಿಗೆ ಯಂತ್ರವನ್ನು ತುಳಿಯಲು ಕಲಿತವರಿಗೆಲ್ಲ ಈ ಅನುಭವವಿರುತ್ತದೆ. ಆ ಜಡಗಳಿಗೆಯನ್ನು ದಾಟಿಸುವುದಕ್ಕೆ ಭಾರವಾದ ಚಕ್ರ ಬೇಕು. ತನಗೆ ಬಂದ ವೇಗವನ್ನು ಅದು ಹಿಡಿದಿಟ್ಟುಕೊಂಡು ಮುಂದಕ್ಕೆ ನೂಕುತ್ತದೆ. ೧೫ನೆಯ ಶತಮಾನದ ಕೊನೆಯ ಭಾಗದಲ್ಲಿ ಲಿಯೊನಾರ್ಡೊ ಡ ವಿಂಚಿಯು ತುಳಿಹಲಗೆ, ಬಾಗಿದ ಅಚ್ಚು, ಭಾರದ ಚಕ್ರ ಮೂರೂ ಇರುವ ಲೇತಿನ ಚಿತ್ರವನ್ನು ಬರೆದಿಟ್ಟ. ಅದು ಈಗಲೂ ಮಿಲಾನಿನ ಆಂಬ್ರೋಸಿಯನ್ ಗ್ರಂಥಾಲಯದ ಸಂಪುಟದಲ್ಲಿದೆ. ಆದರೂ ಗಳುವಿನ ಲೇತು ಒಮ್ಮೆಲೇ ಮೂಲೆ ಸೇರಲಿಲ್ಲ. ಇಂಗ್ಲೆಂಡಿನ ಹೈ ವಿಕಂಬ್ ಸುತ್ತಲಿನ ಕಾಡುಗಳಲ್ಲಿ ಕುರ್ಚಿಯ ಕಾಲು ಕಡೆಯುವವರು ೨೦ನೆಯ ಶತಮಾನದವರೆಗೂ ಅದನ್ನೇ ನಚ್ಚಿಕೊಂಡಿದ್ದರು. ಮರ ಕಡಿದ ಸ್ಥಳದಲ್ಲೇ ನೆಟ್ಟು, ಕೆಲಸ ಮುಗಿದ ಮೇಲೆ ಬಿಚ್ಚಿಕೊಂಡು ಹೋಗಬಹುದಾದ ಯಂತ್ರ ಬೇರೆ ಯಾವುದಿದ್ದಿತು?

ಕಾಲಿನ ಯಂತ್ರಗಳು ಉಚ್ಛ್ರಾಯಕ್ಕೆ ಬಂದದ್ದು ೧೯ನೆಯ ಶತಮಾನದಲ್ಲಿ. ಉಗಿಯಂತ್ರ ಬಂದ ಮೇಲೆ ಕಾಲಿನ ಯಂತ್ರ ಹೆಚ್ಚಿತೆಂದರೆ ವಿಚಿತ್ರವೆನಿಸಬಹುದು. ಉಗಿಯಂತ್ರಕ್ಕೆ ಬಾಯ್ಲರು ಬೇಕು, ದೊಡ್ಡ ಕಟ್ಟಡ ಬೇಕು, ದೊಡ್ಡ ಬಂಡವಾಳ ಬೇಕು. ಒಬ್ಬಿಬ್ಬರನ್ನು ಇಟ್ಟುಕೊಂಡ ಬಡಗಿ ಏನು ಮಾಡಬೇಕು? ಅಮೆರಿಕದ ಇಲಿನಾಯ್ ಸಂಸ್ಥಾನದ ರಾಕ್‌ಫರ್ಡ್ ಎಂಬ ಊರಿನ ಡಬ್ಲ್ಯು. ಎಫ್. ಮತ್ತು ಜಾನ್ ಬಾರ್ನ್ಸ್ ಕಂಪನಿ ಇಂಥವರಿಗಾಗಿಯೇ ಕಾಲಿನಿಂದ ನಡೆಯುವ ಲೇತು, ಗರಗಸ, ತೂತು ಕೊರೆಯುವ ಯಂತ್ರ ಮುಂತಾದವನ್ನು ಮಾಡಿತು. ಅದರ ಹಲವು ಯಂತ್ರಗಳಲ್ಲಿ ಕೆಲಸಗಾರನು ಪೀಠದ ಮೇಲೆ ಕುಳಿತು ಸೈಕಲ್ಲಿನಂತೆ ಎರಡು ಕಾಲನ್ನೂ ಸರದಿಯಾಗಿ ತುಳಿಯುತ್ತಿದ್ದ. ನ್ಯೂಯಾರ್ಕ್ ಸಂಸ್ಥಾನದ ಸೆನೆಕಾ ಫಾಲ್ಸಿನಲ್ಲಿ, ಮ್ಯಾಸಚೂಸೆಟ್ಸಿನ ಮಿಲ್ಲರ್ಸ್ ಫಾಲ್ಸಿನಲ್ಲಿ ಬೇರೆ ಕಂಪನಿಗಳಿದ್ದುವು. ೧೮೭೦ರ ದಶಕದಲ್ಲಿ ಸಪೂರ ಅಲಗಿನ ಗರಗಸದಿಂದ ಹಲಗೆಯಲ್ಲಿ ಬಳ್ಳಿ, ಹೂ, ಜಾಲರಿಗಳನ್ನು ಕೊರೆಯುವ ಹುಚ್ಚು ಅಲ್ಲಿನ ಮನೆಮನೆಗೂ ಹಿಡಿದಿತು. ಮನುಷ್ಯನ ಕಾಲು ಬಹಳ ಹೊತ್ತು ನಿಲ್ಲದೆ ಕೊಡಬಲ್ಲ ಶಕ್ತಿ ಒಂದು ಕುದುರೆಯ ಬಲದ ಹತ್ತನೆಯ ಒಂದು ಪಾಲು, ಅಂದರೆ ಸುಮಾರು ೭೫ ವ್ಯಾಟ್. ಹಳೆಯ ಕಾಲದ ಒಂದು ದೊಡ್ಡ ಬಲ್ಬಿನಷ್ಟು. ಅಷ್ಟರಲ್ಲಿಯೇ ಒಂದು ಸಂಸಾರದ ಅನ್ನ ಹುಟ್ಟುತ್ತಿತ್ತು.

ಕೊನೆಗೆ ಇವುಗಳನ್ನು ನಿಲ್ಲಿಸಿದ್ದು ಉಗಿಯಲ್ಲ, ವಿದ್ಯುತ್ತು. ಅದೂ ಅಂಗಡಿಯ ಮೂಲೆಯಲ್ಲಿ ಹಿಡಿಸುವ ಚಿಕ್ಕ ಮೋಟಾರು. ನಮ್ಮಲ್ಲಿ ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗೆ, ೧೯೦೫ರಲ್ಲಿ ಬೆಂಗಳೂರಿಗೆ ಬಂದಿತು. ಸಣ್ಣ ಊರುಗಳ ಬಡಗಿಗಳಿಗೆ ತಲುಪಲು ಇನ್ನೂ ಅನೇಕ ದಶಕಗಳು ಬೇಕಾದುವು. ಆ ನಡುಗಾಲದ ಯಂತ್ರವೇ ನಾನು ಗುಜರಿಗೆ ಕಳುಹಿಸಿದ್ದು.

ಈಗ ಗುರುತಿಸುವ ವಿಷಯ. ನಿಮ್ಮ ಊರಿನ ಹಳೆಯ ಕಾರ್ಖಾನೆಯಲ್ಲೋ ಅಟ್ಟದ ಮೇಲೋ ಚಕ್ರ ಮತ್ತು ತುಳಿಹಲಗೆಯುಳ್ಳ ವಸ್ತು ಕಂಡರೆ ಮೊದಲು ಚಕ್ರದ ಅಂಚನ್ನು ನೋಡಿ. ಹೊಲಿಗೆ ಯಂತ್ರದ ಚಕ್ರ ಹಗುರ. ಲೇತಿನ ಚಕ್ರದ ಅಂಚು ದಪ್ಪ, ತೂಕವೆಲ್ಲ ಅಲ್ಲಿಯೇ. ಆಮೇಲೆ ಮೇಲ್ಭಾಗವನ್ನು ನೋಡಿ. ಉದ್ದಕ್ಕೆ ಸಮಾನಾಂತರವಾಗಿ ಎರಡು ಕಂಬಿಗಳು, ಅವುಗಳ ಒಂದು ತುದಿಯಲ್ಲಿ ತಿರುಗುವ ತಲೆ, ಇನ್ನೊಂದು ಕಡೆ ಹಿಂದೆ ಮುಂದೆ ಸರಿಯುವ ಮೊನೆಯುಳ್ಳ ತಲೆ ಇದ್ದರೆ ಅದು ಲೇತು. ಎರಡು ತಲೆಗಳಲ್ಲಿಯೂ ತಿರುಗದ ಮೊನೆಗಳೇ ಇದ್ದು ಬೆಲ್ಟಿನ ಗಾಲಿಯೇ ಇಲ್ಲದಿದ್ದರೆ, ಅದು ಹಗ್ಗ ಸುತ್ತಿ ಹೋಗಿ ಬರುವ ಹಳೆಯ ಜಾತಿಯದು. ಲೇತಿನ ಗಾಲಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೂರು ನಾಲ್ಕು ಅಳತೆಗಳಿದ್ದರೆ ಅವು ವೇಗ ಬದಲಾಯಿಸಲು ಇಟ್ಟವು.

ಎರಕದಲ್ಲಿ ಮೂಡಿದ ಅಕ್ಷರಗಳನ್ನು ಓದುವಾಗ ಎಚ್ಚರ ಬೇಕು. ಒಂದೊಂದು ಭಾಗದ ಮೇಲೂ ಇರುವ ಅಂಕಿಗಳು ಸಾಮಾನ್ಯವಾಗಿ ಎರಕದ ಅಚ್ಚಿನ ಗುರುತು. ಅವನ್ನು ಇಸವಿ ಎಂದು ತಿಳಿಯಬಾರದು. ಅಮೆರಿಕದ ಯಂತ್ರಗಳ ಮೇಲೆ ಪೇಟೆಂಟಿನ ತಾರೀಖು ಇರುವುದುಂಟು. ಅದು ಆ ಉಪಾಯಕ್ಕೆ ಹಕ್ಕು ಸಿಕ್ಕಿದ ದಿನವೇ ಹೊರತು ಯಂತ್ರ ಹುಟ್ಟಿದ ದಿನವಲ್ಲ. ಹಲವು ತಾರೀಖುಗಳಿದ್ದರೆ ಕೊನೆಯದನ್ನು ಹಿಡಿಯಿರಿ. ಯಂತ್ರ ಅದಕ್ಕಿಂತ ಹಿಂದಿನದಾಗಿರಲಾರದು. ೧೯೨೭ರ ಕಾನೂನಿನ ಮೇಲೆ ತಾರೀಖಿನ ಬದಲು ಪೇಟೆಂಟಿನ ಸಂಖ್ಯೆ ಹಾಕುವ ಪದ್ಧತಿ ಬಂದಿತು. ತುಕ್ಕು ತಿಂದು ತಾರೀಖಿನ ಒಂದಂಕಿ ಅಳಿಸಿಹೋಗಿದ್ದರೂ ಒಂದು ಉಪಾಯವಿದೆ. ಆ ದೇಶದಲ್ಲಿ ಪೇಟೆಂಟುಗಳು ಹೊರಡುವುದು ಮಂಗಳವಾರ. ಬೆಲ್ ಮಹಾಶಯನ ಟೆಲಿಫೋನಿನ ಪೇಟೆಂಟು ಸಿಕ್ಕಿದ ೧೮೭೬ರ ಮಾರ್ಚಿ ೭ ಮಂಗಳವಾರವೇ. ನೀವು ಊಹಿಸಿದ ತಾರೀಖು ಬೇರೆ ವಾರಕ್ಕೆ ಬಿದ್ದರೆ ಅಂಕಿಯನ್ನು ಮತ್ತೊಮ್ಮೆ ನೋಡಬೇಕು.

ಅಕ್ಷರವೇ ಇಲ್ಲದ ಯಂತ್ರಕ್ಕೆ ತಿರುಪುಗಳೇ ಸಾಕ್ಷಿ. ಇಂಗ್ಲೆಂಡಿನಲ್ಲಿ ಜೋಸೆಫ್ ವ್ಹಿಟ್‌ವರ್ತ್ ೧೮೪೧ರಲ್ಲಿ ಗೊತ್ತುಮಾಡಿದ ತಿರುಪಿನ ಗೆರೆಗಳ ಕೋನ ೫೫ ಡಿಗ್ರಿ. ಅಮೆರಿಕದಲ್ಲಿ ವಿಲಿಯಂ ಸೆಲ್ಲರ್ಸ್ ೧೮೬೪ರಲ್ಲಿ ಸೂಚಿಸಿದ್ದು ೬೦ ಡಿಗ್ರಿ. ಯಂತ್ರದ ಮೂಲ ಬೋಲ್ಟುಗಳ ಗೆರೆಯನ್ನು ಅಳೆಯುವ ಅಳತೆಪಟ್ಟಿ ಯಾವ ಫಿಟ್ಟರನ ಬಳಿಯಲ್ಲಾದರೂ ಸಿಗುತ್ತದೆ. ಒಂದೇ ಯಂತ್ರದಲ್ಲಿ ಎರಡು ಜಾತಿಯ ಗೆರೆ ಸಿಕ್ಕಿದರೆ ಯಾರೋ ನಡುವೆ ರಿಪೇರಿ ಮಾಡಿದ್ದಾರೆಂದು ತಿಳಿಯಬೇಕು. ಲಂಡನ್ನಿನ ಹೋಲ್ಟ್‌ಸಾಫೆಲ್ ಮನೆತನದವರಂತೂ ಶ್ರೀಮಂತರ ವಿನೋದಕ್ಕಾಗಿ ಮಾಡಿದ ಎರಡೂವರೆ ಸಾವಿರದಷ್ಟು ಕಾಲು ಲೇತುಗಳಿಗೆ ಕ್ರಮಸಂಖ್ಯೆ ಹಾಕಿದ್ದರು. ಅಲ್ಲಿ ಸಂಖ್ಯೆಯಿಂದಲೇ ಕಾಲ ತಿಳಿಯುತ್ತದೆ. ಬಡಗಿಯ ಲೇತಿಗೆ ಅಂಥ ಜಾತಕವಿಲ್ಲ. ಅದರ ಜಾತಕ ಅದರ ಸವೆತದಲ್ಲಿದೆ. ತುಳಿಹಲಗೆಯ ಯಾವ ಪಕ್ಕ ತಗ್ಗಾಗಿದೆ ಎಂಬುದರಿಂದ ತುಳಿದ ಕಾಲು ಎಡದ್ದೋ ಬಲದ್ದೋ ಗೊತ್ತಾಗುತ್ತದೆ. ಕಾಲಿನಲ್ಲಿ ಆಮೇಲೆ ಕೊರೆದ ತೂತುಗಳಿದ್ದರೆ ಅಲ್ಲಿ ಮೋಟಾರು ಕೂರಿಸಿದ್ದರೆಂದು ತಿಳಿಯಬಹುದು.

ದುರಸ್ತಿಯ ಮಾತಿಗೆ ಬರೋಣ. ‘ಜೀರ್ಣೋದ್ಧಾರ’ ಎಂದರೆ ಜೀರ್ಣವಾದುದನ್ನು ಎತ್ತಿ ನಿಲ್ಲಿಸುವುದು. ಆದರೆ ಆ ಹೆಸರಿನಲ್ಲಿ ಹಳೆಯ ಕಲ್ಲುಕಂಬಕ್ಕೆ ಎಣ್ಣೆಬಣ್ಣ ಬಳಿದುದನ್ನು ನಾವೆಲ್ಲ ಕಂಡಿದ್ದೇವೆ. ಇಂಥ ಉತ್ಸಾಹವನ್ನು ತಡೆಯಬೇಕೆಂದೇ ೧೮೭೭ರಲ್ಲಿ ವಿಲಿಯಂ ಮಾರಿಸ್ ಇಂಗ್ಲೆಂಡಿನಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆ ಒಂದು ಸಂಘವನ್ನು ಸ್ಥಾಪಿಸಿದ. ಹೊಸದಾಗಿ ಕಾಣುವಂತೆ ಮಾಡಬೇಡಿ, ಬೀಳದಂತೆ ದುರಸ್ತಿ ಮಾಡಿ ಎಂಬುದು ಆ ಸಂಘದ ನಿಲುವಿನ ಸಾರ. ಕಟ್ಟಡಕ್ಕೆ ಸಲ್ಲುವ ಮಾತು ಉಪಕರಣಕ್ಕೂ ಸಲ್ಲುತ್ತದೆ.

ಬಿಚ್ಚುವ ಮೊದಲು ಎಲ್ಲ ಪಕ್ಕಗಳಿಂದಲೂ ಫೋಟೋ ತೆಗೆಯಿರಿ. ಬಿಚ್ಚಿದ ಪ್ರತಿಯೊಂದು ಭಾಗಕ್ಕೂ ಚೀಟಿ ಕಟ್ಟಿ. ಜಡ್ಡುಗಟ್ಟಿದ ನಟ್ಟಿಗೆ ತೆಳ್ಳನೆಯ ಎಣ್ಣೆ ಬಿಟ್ಟು ದಿನಗಟ್ಟಲೆ ಕಾಯಬೇಕು, ಸುತ್ತಿಗೆ ಎತ್ತಬಾರದು. ಎರಕದ ಕಬ್ಬಿಣ ಬಾಗುವುದಿಲ್ಲ, ಸೀಳುತ್ತದೆ. ಜಿಡ್ಡನ್ನು ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಒರಸಿದರೆ ಎಷ್ಟೋ ವೇಳೆ ಕೆಳಗೆ ಕರಿಯ ಬಣ್ಣವೂ ಹೊಂಬಣ್ಣದ ಗೆರೆಗಳೂ ಕಾಣಿಸುತ್ತವೆ. ಮರಳು ಊದಿ ತುಕ್ಕು ತೆಗೆಯುವ ಅಂಗಡಿಗೆ ಕಳುಹಿಸಿದರೆ ಒಂದು ಗಂಟೆಯಲ್ಲಿ ತುಕ್ಕಿನೊಡನೆ ಅದೂ ಹೋಗುತ್ತದೆ. ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವ ಹೆಚ್ಚು. ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು. ಮರದ ಭಾಗಗಳಿಗೆ ತೆಳ್ಳಗೆ ಅಗಸೆ ಎಣ್ಣೆ ಸಾಕು. ಆದರೆ ಎಣ್ಣೆ ಒರಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಅದು ತಾನಾಗಿ ಹೊತ್ತಿಕೊಳ್ಳುವುದುಂಟು. ಇಲ್ಲದ ತುಳಿಹಲಗೆಯನ್ನು ಹೊಸದಾಗಿ ಮಾಡಿಸಬಹುದು. ಅದರ ಒಳಮೈಯಲ್ಲಿ ಮಾಡಿಸಿದ ಇಸವಿಯನ್ನು ಬರೆಯಿರಿ. ಹಳೆಯ ಚೂರನ್ನು ಎಸೆಯಬೇಡಿ. ಮುಂದೆ ನೋಡುವವನಿಗೆ ಹೊಸದು ಯಾವುದು, ಹಳೆಯದು ಯಾವುದು ಎಂದು ತಿಳಿಯಬೇಕು.

ಇಷ್ಟು ಎಚ್ಚರ ಏಕೆ ಎಂದು ಕೇಳುವವರಿಗೆ ಜಾರ್ಜ್ ಲೈಲಿಯ ಕಥೆಯೇ ಉತ್ತರ. ಆತ ಇಂಗ್ಲೆಂಡಿನ ಬರ್ಕ್‌ಷೈರಿನ ಬಕಲ್‌ಬರಿ ಎಂಬ ಹಳ್ಳಿಯವನು; ಗಳುವಿನ ಲೇತಿನಲ್ಲಿ ಮರದ ಬಟ್ಟಲು ಕಡೆಯುವುದೇ ಆತನ ಜೀವನ. ಒಂದೇ ಮರದ ತುಂಡಿನಿಂದ ಒಂದರೊಳಗೊಂದು ಕೂರುವ ಹಲವು ಬಟ್ಟಲುಗಳನ್ನು ತೆಗೆಯುತ್ತಿದ್ದ. ಕೊಕ್ಕೆಯಂತೆ ಬಾಗಿದ ಉಳಿಗಳನ್ನು ತಾನೇ ಬಡಿದುಕೊಳ್ಳುತ್ತಿದ್ದ. ಆತನ ಹಿಂದೆ ಶಿಷ್ಯರಿರಲಿಲ್ಲ. ೧೯೫೮ರಲ್ಲಿ ಆತ ತೀರಿಕೊಂಡಾಗ ಆ ವಿದ್ಯೆ ಅಲ್ಲಿಗೆ ಮುಗಿಯಿತೆಂದೇ ಎಣಿಸಿದರು. ಆದರೆ ಆತನ ಲೇತನ್ನೂ ಉಳಿಗಳನ್ನೂ ರೆಡಿಂಗಿನ ಗ್ರಾಮೀಣ ಜೀವನದ ವಸ್ತುಸಂಗ್ರಹಾಲಯದಲ್ಲಿ ಇದ್ದಂತೆಯೇ ಇರಿಸಿದರು. ೧೯೯೦ರ ದಶಕದಲ್ಲಿ ರಾಬಿನ್ ವುಡ್ ಎಂಬುವರು ಕೇಳಲು ಗುರುವಿಲ್ಲದೆ ಅಲ್ಲಿಗೆ ಹೋಗಿ, ಆ ಉಳಿಗಳ ಬಾಗನ್ನೂ ಅಂಚನ್ನೂ ನೋಡಿ, ಅಂಥವನ್ನೇ ತಾವು ಬಡಿದು, ಬಟ್ಟಲು ಕಡೆಯುವುದನ್ನು ಮತ್ತೆ ಕಲಿತರು. ಇಂದು ಅವರಿಂದ ಕಲಿತವರು ಹಲವರಿದ್ದಾರೆ. ಯಾರಾದರೂ ಆ ಉಳಿಗಳನ್ನು ಅಂದವಾಗಲೆಂದು ಉಜ್ಜಿ ಹೊಳಪು ಕೊಟ್ಟಿದ್ದರೆ, ಅಥವಾ ನನ್ನಂತೆ ತಪ್ಪು ಹೆಸರು ಬರೆದು ತೂಕಕ್ಕೆ ಹಾಕಿದ್ದರೆ, ಆ ಪಾಠ ಯಾರಿಗೂ ಸಿಗುತ್ತಿರಲಿಲ್ಲ.

ನನ್ನ ಕಥೆಯಲ್ಲಿ ಇನ್ನೊಂದು ತಪ್ಪು ಉಳಿದಿದೆ. ಮೇಷ್ಟ್ರು ಬಂದುಹೋದ ಮೇಲೆ ಕಸುಬಿನ ಕೊಠಡಿಯ ಕಿಟಕಿಯ ಬಳಿ ಅಡ್ಡಪಟ್ಟಿಗೆ ಕೆಳಗೊಂದು ಗೂಟವಿಟ್ಟಂಥ ಕಬ್ಬಿಣದ ತುಂಡೊಂದು ಸಿಕ್ಕಿತು. ಬಾಗಿಲು ಬಡಿದುಕೊಳ್ಳದಂತೆ ಜವಾನ ಅದನ್ನು ಒತ್ತು ಕೊಡುತ್ತಿದ್ದ. ಅದು ಲೇತಿನಲ್ಲಿ ಉಳಿಯನ್ನು ಊರುವ ಕಂಬಿ. ಪಶ್ಚಾತ್ತಾಪದ ಭರದಲ್ಲಿ ನಾನು ಒಂದು ಭಾನುವಾರವೆಲ್ಲ ಅರ ಹಾಕಿ, ಎಮರಿ ಕಾಗದದಿಂದ ಉಜ್ಜಿ, ಅದರ ಮೇಲಂಚನ್ನು ಕನ್ನಡಿಯಂತೆ ಮಾಡಿ ಮೇಷ್ಟ್ರ ಮನೆಗೆ ತೆಗೆದುಕೊಂಡು ಹೋದೆ. ಅವರು ಬೆರಳಾಡಿಸಿ ನೋಡಿ ಮೆಲ್ಲಗೆ ಹೇಳಿದರು: “ಕೆಲಸಕ್ಕೆ ಇಡುವುದಾದರೆ ಹೀಗೆ ನಯ ಮಾಡುವುದು ಸರಿ, ಪಂಡಿತರೇ, ಉಳಿ ಸರಾಗವಾಗಿ ಜಾರಬೇಕು. ಆದರೆ ಕೆಲಸ ಮಾಡಲು ಲೇತೇ ಇಲ್ಲವಲ್ಲ. ಇದರ ಮೇಲೆ ಸಣ್ಣ ಸಣ್ಣ ತಗ್ಗುಗಳಿದ್ದುವು. ಹುಡುಗರು ಉಳಿ ಊರಿ ಊರಿ ಆದವು. ಅಷ್ಟೇ ಉಳಿದಿತ್ತು.”

ಉಪಯೋಗಕ್ಕೋ ಸಾಕ್ಷಿಗೋ ಎಂದು ಮೊದಲು ನಿಶ್ಚಯಿಸಿಕೊಂಡು ಅನಂತರ ಅರಕ್ಕೆ ಕೈ ಹಾಕಬೇಕೆಂಬುದನ್ನು ನಾನು ಆ ದಿನ ಕಲಿತೆ. ವಾಚಕರ ಮನೆಯ ಅಟ್ಟದಲ್ಲಿ, ಊರಿನ ಹಳೆಯ ಬಡಗಿಯ ಹಿತ್ತಿಲಲ್ಲಿ, ಶಾಲೆಯ ಬೀಗ ಹಾಕಿದ ಕೊಠಡಿಯಲ್ಲಿ ಇಂಥ ಯಂತ್ರ ಯಾವುದಾದರೂ ನಿಂತಿರಬಹುದು. ಅದನ್ನು ಉಪಯೋಗಿಸಿದವರು ಬದುಕಿದ್ದರೆ ಮೊದಲು ಅವರನ್ನು ಕೇಳಿ, ಅವರು ಹೇಳಿದ ಹೆಸರನ್ನು ಬರೆದಿಡಿ. ಬಣ್ಣ, ಎಣ್ಣೆ, ಉಜ್ಜಾಟಗಳೆಲ್ಲ ಆಮೇಲೆ.

ನಾನು ವರ್ಗವಾಗಿ ಆ ಶಾಲೆಯಿಂದ ಹೊರಡುವ ಮುನ್ನ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ರಿಜಿಸ್ಟರಿನಲ್ಲಿ ಒಂದು ಸಾಲು ಸೇರಿಸಿದೆ: ‘ಕಾಲಿನಿಂದ ನಡೆಯುವ ಮರದ ಲೇತಿಗೆ ಸೇರಿದ, ಉಳಿ ಊರುವ ಕಂಬಿ – ೧. ಲೇತು ಹರಾಜಾಗಿದೆ. ಅದರ ಹೆಸರನ್ನು ಹಿಂದೆ ತಪ್ಪಾಗಿ ಬರೆಯಲಾಗಿತ್ತು.’ ಅದರ ಕೆಳಗೂ ನನ್ನದೇ ರುಜು ಇದೆ.